ಒಡಕಿನ ಮೇಜು

ಉದ್ಯಮಬಾಗದ ಹಿಂದಿನ ಸಾಲಿನಾಗ ನಮ್ಮ ಫೌಂಡ್ರಿ.
ನೂರು ಪಂಪಿನ ಕವಚ ಹೊಯ್ದರ
ಹನ್ನೊಂದು ಕೆಡತಿದ್ವು:
ಗಾಳಿಗುಳ್ಳಿ, ಮಳಲು ಕಚ್ಚಿದ್ದು,
ಕೂದಲೆಳಿಯಂಥ ಸೀಳು.
ರಾತ್ರಿ ಆಗೂದ್ರೊಳಗ ಒಡದು
ಮತ್ತ ಕುಲುಮಿಗೆ ಹಾಕತಿದ್ವಿ.
ಕಬ್ಬಿಣಕ್ಕ ನೆನಪಿಲ್ಲ. ಕರಗಿತಂದ್ರ ಮುಗೀತು.
ನಮಗೂ.

ಕಡೋಲ್ಕರ್ ಅವರಲ್ಲೆ ಕೆಡೂದು ಬರೇ ಮೂರಂತ.
ಕೊಲ್ಲಾಪುರದ ಗಿರಾಕಿ ಅಂದ,
ಚಹಾದಾಗ ಖಾರಿ ಅದ್ದಿಕೋತ,
ರೇಟಿನ ಮಾತು ಸುರು ಆಗೂ ಮೊದಲ.

ಆ ಮೂರು
ಚಪ್ಪಲಿಯೊಳಗಿನ ಹಳ್ಳಿನಂಗ
ಮನೀತನಕ ಒತ್ತಿತು.
ಉಂಡು ಮಲಗಿದರೂ ಒತ್ತಿತು.
ಒಂದಿನ ನಾಚಿಕಿ ಬಿಟ್ಟು ಅವರ ಗೇಟಿಗೆ ಹ್ವಾದೆ.
ವಿಲಾಸ ಕಡೋಲ್ಕರ್ ಎದ್ದು ಬಂದ:
“ಬರ್ರಿ, ನೋಡ್ರಿ, ಮುಚ್ಚಿಡೂವಂಥಾದ್ದೇನೈತಿ.”

ಕಿಸೆದಾಗಿನ ಡೈರಿ ತಗದು ಬರಕೊಂಡೆ.
ಮಳಲು, ನಮಗ ಹಾಕೂ ಲಾರಿಯವಂದ.
ಬೀಡು ಅದೇ. ಕೋಕ್ ಅದೇ.
ಬೆವರು ಬರಕೊಳ್ಳಲಿಲ್ಲ, ಅದೂ ಅದೇ.
ಹಂಗಾದ್ರ ಉಳದ ಎಂಟು
ಎಲ್ಲಿ ಅಡಗ್ಯಾವ?

ಹೊರಗ ಬರೂವಾಗ ಕಂಡಿತು,
ಬಾಗಿಲ ಬಾಜೂಕ ಒಂದು ಕಟ್ಟಿಗಿ ಮೇಜು.
ಕೆಟ್ಟ ಎರಕಗೋಳು ಅದರ ಮ್ಯಾಲೆ,
ದವಾಖಾನಿ ಬಾಕಿನ ಮ್ಯಾಲೆ
ಪಾಳಿ ಕಾಯೂ ಮಂದಿ ಹಂಗ.
ಒಂದೊಂದಕ್ಕೂ ಸೀಮೆಸುಣ್ಣದಾಗ ತಾರೀಖು.
ಯಾರು ಹೊಯ್ದರಂತ ಎಲ್ಲೂ ಇಲ್ಲ.
“ಯಾಕ ಕೆಟ್ಟಿತಂತ ಗೊತ್ತಾಗೂತನಕ
ಕರಗಸೂದಿಲ್ರಿ,” ಅಂದ ವಿಲಾಸ.
“ಒಂದು ಹನ್ನೆರಡು ದಿನಾ ಕುಂತಿತ್ತು.
ಕೋರ್ ಮಾಡೂ ಸಕ್ಕೂಬಾಯಿ ಕಡೀಕ
ಒಳಗಿನ ಮಳಲು ಕೆರದು ಮೂಸಿ ಹೇಳಿದಳು,
ಒಲಿ ಸರಿ ಕಾದಿರಲಿಲ್ಲಂತ.”

ಸುಮ್ಮನ ನಿಂತೆ.
ನಮ್ಮವು ಎಷ್ಟು ವರ್ಷದ ಹನ್ನೊಂದು
ಏನೂ ಹೇಳದ
ಹೊಗಿಯಾಗಿ ಹೋಗ್ಯಾವೋ.

ಮರುದಿನ ನಮ್ಮಲ್ಲೂ ಮೇಜು ಹಾಕಿಸಿದೆ.
ಇಪ್ಪತ್ತಾರು ವರ್ಷ ಅಚ್ಚು ತುಂಬಿದ ದುಂಡಪ್ಪ
ಮಾರಿ ತಿರುವಿದ:
“ಮಂದಿ ಮನಿ ದೀಪಾ ನೋಡಿ
ನಮ್ಮ ಗ್ವಾಡಿ ಕೆಡವತೀರೇನ್ರಿ?”
ಮೂರು ದಿನಾ ಮೇಜು ಖಾಲಿ.
ಕೆಟ್ಟವು ಕಳ್ಳಹಾದಿಲೆ ಕುಲುಮಿ ಸೇರತಿದ್ವು.

ನಾಲ್ಕನೇ ದಿನ ನಾನ ಒಂದು ತಂದಿಟ್ಟೆ.
ಟ್ರಕ್ ಕಾಯತೈತಂತ ಗಡಿಬಿಡಿ ಮಾಡಿ
ನಾನ ಹೊಯ್ಸಿದ್ದು.
ಅದರ ಮ್ಯಾಲೆ ನನ್ನ ಹೆಸರ ಬರದೆ.
ದುಂಡಪ್ಪ ನೋಡಿದ. ಏನೂ ಅನಲಿಲ್ಲ.
ಸಂಜಿಗೆ ಮೇಜಿನ ಮ್ಯಾಲೆ ಎರಡಿದ್ವು.

ಮುಂದ ಒಂದಿನ ವಿಲಾಸ ನಮ್ಮಲ್ಲೆ ಬಂದ.
ಮಳಲು ಮುಟಗಿಯಾಗ ಹಿಚುಕಿ, ಮುರದು,
ಪಸಿ ಎಷ್ಟೈತಂತ ಹೇಳೂ ದುಂಡಪ್ಪನ ಕೈ
ಭಾಳ ಹೊತ್ತು ನೋಡಿದ.
ಆಮ್ಯಾಲೆ ಅವನೂ ಕಿಸೆದಿಂದ
ಒಂದು ಡೈರಿ ತಗದ.

ಈಗ ನಮ್ಮವು ಏಳು.
ಮೂರಲ್ಲ.
ಮೇಜಿನ ಒಂದು ಕಾಲು ಗಿಡ್ಡೈತಿ.
ಅಳ್ಳಾಡಬಾರದಂತ ದುಂಡಪ್ಪ ಅದರ ಬುಡಕ
ಎರಕದ ಒಂದು ಚೂರು ಕೊಟ್ಟಾನ.
ಅದು ಯಾಕ ಕೆಟ್ಟಿತಂತ
ಇನ್ನೂ ಗೊತ್ತಾಗಿಲ್ಲ.