ವಿಳಾಸ ಹುಡುಕು

ಶುಕ್ರವಾರದ ಹದಿನೈದು ನಿಮಿಷದ ಬಿಡುವಿನಲ್ಲಿ
ಆರ್ಡಿತ್ ಪ್ರೂಯಿಟ್ ಕನ್ನಡಕ ಮೂಗಿನ ತುದಿಗಿಳಿಸಿ
ಸರ್ಕಾರದ ಪಟ್ಟಿ ಓದುತ್ತಾಳೆ,
ಕೆಲವರು ನಿಧನವಾರ್ತೆ ಓದುವ ಹಾಗೆ,
ಮೊದಲು ಊರು, ಆಮೇಲೆ ಹೆಸರು.

ಕಂಪನಿ. ಕೌಂಟಿ. ಎಷ್ಟು ತಲೆ. ಎಂದಿನಿಂದ.
ಹೆದ್ದಾರಿಯಂಚಿನ ಬಿಸ್ಕತ್ತಿನವರು ತೊಂಬತ್ತೆಂಟು,
ನದಿಯಾಚೆಯ ಟೈರಿನವರು ಇನ್ನೂರ ಆರು.
'ಹೊಟ್ಟೆ ಮೇಲೆ ಹೊಡೆಯೋದಕ್ಕೂ
ಅರವತ್ತು ದಿನ ಮುಂಚೆ ಹೇಳಬೇಕಂತೆ,
ಕಾನೂನು' ಅನ್ನುತ್ತಾಳೆ
ಸ್ಯಾಂಡ್‌ವಿಚ್ಚಿನ ಅಂಚು ಕಿತ್ತು ಪಕ್ಕಕ್ಕಿಡುತ್ತ.

ನಾವು ಒಲೆಗೆ ಬಾಗಿಲು ಕೂರಿಸುವವರು.
ಒಹಾಯೊದ ಈ ಮೂಲೆಯಲ್ಲಿ ಮೂರು ಪಾಳಿ ಇತ್ತು,
ಈಗ ಎರಡು.
ನಮ್ಮ ಹೆಸರು ಬಂದಿಲ್ಲವೆಂದು
ವಾರವಾರವೂ ಉಸಿರು ಬಿಡುತ್ತಿದ್ದ ಎಸೆಕಿಯೆಲ್,
ಹೊಸ ಟ್ರಕ್ಕಿನ ಕಂತಿಗೆ ಸಹಿ ಹಾಕಿ ಬಂದವನು.

'ಹೆಸರು ಹುಡುಕಬೇಡ ಮರಿ, ವಿಳಾಸ ಹುಡುಕು.
ಹೆಸರನ್ನ ಇವರು ಅಂಗಿ ಬದಲಿಸಿದ ಹಾಗೆ ಬದಲಿಸ್ತಾರೆ.'
ಮೂರು ಸಲ ಕೈ ಬದಲಾದ ಕಾರ್ಖಾನೆ:
ಗೇಟಿನ ಬೋರ್ಡಿನಲ್ಲಿ ಒಂದು ಹೆಸರು,
ಸಂಬಳದ ಚೀಟಿಯಲ್ಲಿ ಇನ್ನೊಂದು,
ನೀರಿನ ಟ್ಯಾಂಕಿನ ಮೇಲೆ ಅವಳಪ್ಪನ ಕಾಲದ್ದು,
ಬಣ್ಣ ಬಳಿದರೂ ಸಂಜೆ ಬಿಸಿಲಿಗೆ ಎದ್ದು ಕಾಣುವಂಥದ್ದು.

ಮಾರ್ಚಿನ ಎರಡನೇ ಶುಕ್ರವಾರ
ಓದುತ್ತ ಓದುತ್ತ ಸುಮ್ಮನಾದಳು.
ಯಾವುದೋ ಹೋಲ್ಡಿಂಗ್ಸ್, ನಾವ್ಯಾರೂ ಕೇಳದ್ದು.
ಕೆಳಗೆ: ೧೧೪೦, ಹಳೇ ಗಿರಣಿ ರಸ್ತೆ.
ಮುನ್ನೂರ ಹನ್ನೆರಡು.
ಮೇ ಹದಿಮೂರು.

ಬೆಲ್ಲು ಹೊಡೆಯಿತು. ಎದ್ದು ಹೋದೆವು.
ಬಾಗಿಲು ಬರುತ್ತಲೇ ಇದ್ದವು, ಕೂರಿಸುತ್ತಲೇ ಇದ್ದೆವು.
ಸೋಮವಾರ ಮ್ಯಾನೇಜರ್ ಬಂದು ಓದಿ ಹೇಳುವಾಗ
ನಡುಗುತ್ತಿದ್ದದ್ದು ಅವನ ಕೈಯ ಹಾಳೆ.
ನಾವು ಆಗಲೇ ಎರಡು ರಾತ್ರಿ ನಡುಗಿ ಮುಗಿಸಿದ್ದೆವು.

ಅರವತ್ತು ದಿನದಲ್ಲಿ ಏನು ಮಾಡಬಹುದು?
ಹಲ್ಲು ಕಟ್ಟಿಸಿಕೊಳ್ಳಬಹುದು.
ವಿಮೆ ಇರುವಾಗಲೇ ಆಗಲಿ ಎಂದು
ಊರಿಗೊಬ್ಬನೇ ಹಲ್ಲಿನ ಡಾಕ್ಟರ ಬಾಗಿಲಲ್ಲಿ
ಇಡೀ ಎರಡನೇ ಪಾಳಿ ಸಾಲುಗಟ್ಟಿತ್ತು.
ದವಡೆ ಜೋಮು ಹಿಡಿದು
ಬಾಯಿಯ ಒಂದೇ ಕಡೆಯಿಂದ ನಗುತ್ತ
ವಾಪಸು ಬಂದು ಬಾಗಿಲು ಕೂರಿಸಿದೆವು.
ಎಸೆಕಿಯೆಲ್ ಟ್ರಕ್ಕು ಮರಳಿಸಿದ. ನಡೆದೇ ಬರುತ್ತಿದ್ದ.

ಕಡೆಯ ಶುಕ್ರವಾರವೂ ಅವಳು ಪಟ್ಟಿ ತೆರೆದಳು.
'ಇನ್ನೇನು ಉಳೀತು ಹುಡುಕೋಕೆ?' ಅಂದೆ.
'ನಮ್ಮ ಒಲೆಗೆ ಗಾಜು ಕಳಿಸೋರು.
ಇನ್ನೂ ಬಂದಿಲ್ಲ ಇದರಲ್ಲಿ.'

ಫೋನು ಕಿವಿಗಿಟ್ಟು ಹೊರಗೆ ಹೋದಳು,
ಗಾಜಿನೂರಿನ ತಂಗಿಗೆ ಇರಬೇಕು.
ಗಾಳಿಯಲ್ಲಿ ಇಷ್ಟೇ ಕೇಳಿಸಿತು:
'ಏನಿಲ್ಲ, ಸುಮ್ಮನೆ ಮಾಡಿದೆ.
ನಿನ್ನ ಹಲ್ಲು ಹೇಗಿದೆ? ತೋರಿಸಿಕೊಂಡೆಯಾ?'