ಆಮಿಷದ ಕಾಲು

ರಾಜಗಡದಿಂದ ತೋರಣಕ್ಕೆ ಬೆಟ್ಟದ ಏಣಿನ ಮೇಲೇ ದಾರಿ,
ಅಕ್ಟೋಬರಿನ ಮೊದಲ ವಾರ, ಹುಲ್ಲು ಸೊಂಟದ ತನಕ.
ಗುಂಪಿನಲ್ಲಿ ಹನ್ನೊಂದು ಜನ. ಅರವತ್ತು ದಾಟಿದವನು ನಾನೊಬ್ಬ,
ಕನ್ನಡದಲ್ಲಿ ಏದುಸಿರು ಬಿಡುವವನೂ ನಾನೊಬ್ಬನೇ.

ಮುಂಬಯಿ ಪಾಲಿಕೆಯಲ್ಲಿ ಮೂವತ್ತೊಂದು ವರ್ಷ
ನನ್ನ ಹುದ್ದೆಯ ಹೆಸರು ಕೀಟ ಸಂಗ್ರಾಹಕ.
ಕೇಳಿದವರು ಚಿಟ್ಟೆ ಅಂದುಕೊಳ್ಳುತ್ತಿದ್ದರು.
ಹೆಣ್ಣು ನೋಡಲು ಹೋದಾಗ ಮಾವನೂ ಹಾಗೇ ಅಂದುಕೊಂಡ,
ನಾನು ತಿದ್ದಲಿಲ್ಲ.

ಕೆಲಸ ಇಷ್ಟೆ: ಶಿವಡಿಯ ಗೋದಾಮು, ಗೋರೆಗಾಂವಿನ ದನದ ಕೊಟ್ಟಿಗೆ,
ಅರ್ಧಕ್ಕೆ ನಿಂತ ಕಟ್ಟಡದ ಏಳನೇ ಮಹಡಿ,
ಎಲ್ಲಾದರೂ ರಾತ್ರಿ ಪ್ಯಾಂಟು ಮೊಣಕಾಲಿಗೆ ಮಡಚಿ ಕೂರುವುದು.
ಕಾಲ ಮೇಲೆ ಸೊಳ್ಳೆ ಇಳಿದರೆ, ಚುಚ್ಚುವ ಮೊದಲು
ಗಾಜಿನ ನಳಿಗೆಯಿಂದ ಉಸಿರೆಳೆದು ಒಳಗೆ ಸೆಳೆಯುವುದು.
ಗಂಟೆಗೆ ಎಷ್ಟು, ಯಾವ ಜಾತಿ, ಬರೆಯುವುದು.
ನಳಿಗೆಯ ನಡುವೆ ಒಂದು ಚೂರು ಜಾಲರಿ ಬಟ್ಟೆ;
ಅದಿಲ್ಲದಿದ್ದರೆ ಮೂವತ್ತೊಂದು ವರ್ಷವೂ ಹೊಟ್ಟೆಯಲ್ಲಿರುತ್ತಿತ್ತು.

ಮೊದಲ ಸಂಜೆ ಹುಡುಗರ ಚೀಲಗಳಿಂದ ಹೊರಬಂತು
ಓಡೋಮಾಸು, ಬೇವಿನೆಣ್ಣೆ, ಕರ್ಪೂರದ ಪೊಟ್ಟಣ,
ಮಣಿಕಟ್ಟಿಗೆ ಕಟ್ಟುವ ನಿಂಬೆವಾಸನೆಯ ಪಟ್ಟಿ.
ಕೇತಕಿ ಪಾಠಾರೆ ಕರೆಂಟಿನ ಬ್ಯಾಟು ಬೀಸಿದಳು, ಠಪ್,
ಸುಟ್ಟ ಕೂದಲಿನ ಕಮಟು.
ನಾನು ಬಾಯಿ ಬಿಡಲಿಲ್ಲ.
ಕಲ್ಲುತೊಟ್ಟಿಯ ಹತ್ತಿರ ಮಾತ್ರ ಕೈ ತಡೆಯಲಿಲ್ಲ,
ಯಾರದೋ ಸ್ಟೀಲ್ ಲೋಟ ಅದ್ದಿ ಬೆಳಕಿಗೆ ಹಿಡಿದೆ.
"ಲೋಟಕ್ಕೆ ಏಳು. ನೀರಿಗೆ ಸಮ ಮಲಗಿವೆ, ಅನಾಫಿಲಿಸ್ ಮರಿ.
ತಲೆಕೆಳಗಾಗಿ ತೂಗಿದ್ದರೆ ಬೇರೆ ಕುಲ."
ಲೋಟದ ಒಡೆಯ ಬಹಳ ಹೊತ್ತು ನೀರು ಕುಡಿಯಲಿಲ್ಲ.

ಮರುದಿನ ಏಣಿನ ಮೇಲೆ ಬಂದದ್ದು ಸೊಳ್ಳೆಯಲ್ಲ.
ತೊಣಚಿ. ದನದ ಬೆನ್ನು ಬಿಟ್ಟು ಬಂದದ್ದು, ಹಸಿರುಗಣ್ಣಿನದು.
ಕಿವಿಯಲ್ಲಿ ಹಾಡುವ ಮರ್ಯಾದೆಯೂ ಅದಕ್ಕಿಲ್ಲ.
ಸೊಳ್ಳೆ ಸೂಜಿ ಹಾಕುವ ದಾದಿ; ಇದು ಅಳತೆ ಕೇಳದೆ ಕತ್ತರಿ ಹಾಕುವ ದರ್ಜಿ,
ಅಂಗಿಯ ಮೇಲಿಂದಲೇ ಕೊಯ್ದಿತು, ಹೆಗಲ ಹಿಂದೆ, ಕೈಗೆಟುಕದಲ್ಲಿ.
ಕೂಗಿದೆ.
ಮೂವತ್ತೊಂದು ವರ್ಷ ಅಲುಗದೆ ಕೂತ ಮೈ
ಎರಡೂ ಬದಿ ಕಣಿವೆ ಇರುವಲ್ಲಿ ಕುಣಿಯಿತು.
ಹತ್ತೂ ಜನ ನಕ್ಕರು. ನಗಲಿ, ಅವರ ಹಕ್ಕು.

ದನಗಳ ಹಿಂದೆ ಬರುತ್ತಿದ್ದ ಧನಗರ ಮುದುಕಿ ನಗಲಿಲ್ಲ.
ಒಂದು ಟೊಂಗೆ ಮುರಿದುಕೊಟ್ಟಳು. ಅವಳು ನಿರ್ಗುಡಿ ಅಂದಳು,
ಮೂಸಿದರೆ ನಮ್ಮ ಲಕ್ಕಿ ಸೊಪ್ಪು,
ಬಾಣಂತಿ ಮೀಯುವ ನೀರಿನ ವಾಸನೆ.
"ನಿಲ್ಲಬೇಡ, ಕಪ್ಪು ಅಂಗಿ ತೊಡಬೇಡ, ಬೀಸುತ್ತ ನಡಿ.
ಬಾಲ ಇಲ್ಲದವರಿಗೆ ಇದೇ ಬಾಲ."

ರಾತ್ರಿ ತೋರಣದ ಮೇಂಗಾಯಿ ಗುಡಿ.
ಹುಡುಗರು ಮಲಗುಚೀಲದ ಜಿಪ್ಪು ಮೂಗಿನ ತನಕ ಎಳೆದುಕೊಂಡರು.
ಹೊರಗಿನ ಕಟ್ಟೆಗೆ ಬಂದವನು, ಯಾಕೋ, ಪ್ಯಾಂಟು ಮಡಚಿದೆ.
ಘಾಡಿಗಾಂವ್ಕರ್ ಇದ್ದಿದ್ದರೆ ಎದುರಿಗೆ ಕೂರುತ್ತಿದ್ದ,
ಹಚ್ಚದ ಬೀಡಿ ಕಚ್ಚಿಕೊಂಡು: ಹೊಗೆಯಾಡಿದರೆ ಅವು ಬರುವುದಿಲ್ಲ,
ಬರದಿದ್ದರೆ ಲೆಕ್ಕ ತಪ್ಪುತ್ತದೆ.
ತೊಂಬತ್ತೈದರ ಮಳೆಗಾಲ, ಒಂದನ್ನು ಅವನು ತಡವಾಗಿ ನೋಡಿದ.
ಹನ್ನೊಂದನೇ ದಿನ ಜ್ವರ, ಆಮೇಲೆ ಅದು ತಲೆಗೇರಿತು.
ಆ ರಾತ್ರಿಯ ಎಣಿಕೆ ಹದಿನಾರು ಅಂತ ನನ್ನ ಕೈಬರಹದಲ್ಲೇ ಇದೆ.
ಹದಿನೇಳು.

ಒಂಬತ್ತಕ್ಕೆ ಮೊದಲನೆಯದು ಇಳಿಯಿತು,
ಹಿಂಭಾಗ ಎತ್ತಿ, ಕಳೆದದ್ದೇನೋ ಹುಡುಕಲು ಬಗ್ಗಿದ ಹಾಗೆ.
ನಳಿಗೆ ಇಲ್ಲ. ಕೈಯಲ್ಲಿ ಬಾಡಿದ ಲಕ್ಕಿ ಟೊಂಗೆ.
ಬೀಸಿದೆ. ಎದ್ದಿತು. ಮತ್ತೆ ಬಂತು.
ಕೆಳಗೆ ವೆಲ್ಹೆಯಲ್ಲಿ ನಾಲ್ಕೈದು ದೀಪ, ಒಂದು ಬಸ್ಸಿನ ಬೆಳಕು ತಿರುಗಿತು.

ಮನೆಯಲ್ಲಿ ಕಾಲಿನ ದದ್ದು ನೋಡಿ ಹೆಂಡತಿ ಕೇಳಿದಳು:
"ಸಂಬಳವೂ ಇಲ್ಲದೆ ಈಗ ಯಾರಿಗೆ ಕೊಟ್ಟು ಬಂದಿರಿ?"
ಹೆಗಲ ಹಿಂದಿನದನ್ನು ಅವಳಿಗೆ ತೋರಿಸಲಿಲ್ಲ.
ಇನ್ನೂ ತುರಿಸುತ್ತದೆ. ಬಾಗಿಲ ಚೌಕಟ್ಟಿಗೆ
ಎಮ್ಮೆಯ ಹಾಗೆ ಉಜ್ಜಿಕೊಳ್ಳುತ್ತೇನೆ, ಯಾರೂ ಇಲ್ಲದಾಗ.