ಕಾರಟಗಿಯ ಮೇಲೆ

ಒಮ್ಮೆ ಕೆಮ್ಮಿತು, ಅಷ್ಟೇ.
ಖಾಜಾವಲಿ ಹೇಳಿದ್ದ: ಪೆಟ್ರೋಲ್ ಪೈಪಿನ್ಯಾಗ
ಗುಳ್ಳಿ ಕಂಡ್ರ ಹಾರಬ್ಯಾಡ.
ಕಂಡಿತ್ತು. ಹಾರಿದ್ದೆ.

ಬೆನ್ನ ಮೇಲಿನ ಗದ್ದಲ ಸತ್ತ ಮೇಲೆ
ಮೊದಲು ದಾರಗಳ ಸಣ್ಣ ಸಿಳ್ಳು,
ಆಮೇಲೆ, ಅಷ್ಟು ಕೆಳಗಿನಿಂದ,
ಯಾರೋ ಯಾರಿಗೋ, ‘ಉಪ್ಪು ತಂದಿಯೇನ?’

ಸ್ವಿಚ್ ಆಫ್. ಕೈ ಸಡಿಲ.
ರೆಕ್ಕೆ ಇನ್ನೂ ರೆಕ್ಕೆಯೇ.
ರೈಸ್‌ಮಿಲ್ಲಿನ ಹೊಗೆ ಮೂಡಣಕ್ಕೆ ವಾಲಿದೆ,
ಹಾಗಾದರೆ ನನ್ನ ಮುಖ ಪಡುವಣಕ್ಕೆ;
ಕಾಲುವೆ ದಾಟಿ, ಕರೆಂಟಿನ ತಂತಿ ದಾಟಿ
ಕೊಯ್ದ ಗದ್ದೆಯ ಕೂಳೆ.
ಈಗ ಎಳಿ, ಎರಡೂ ಕೈ, ಪೂರ್ತಿ.

ಮೊಣಕಾಲಿನ ತನಕ ಕೆಸರು.
‘ಬಿದ್ದಿಯೇನಪಾ?’ ಹುಲ್ಲಿನ ಹೊರೆಯ ಕೆಳಗಿಂದ ಮುದುಕಿ.
‘ಇಲ್ಲಬೇ, ಇಳಿದೆ.’
‘ಇಲ್ಲಿಂದ ಎರಡೂ ಒಂದs ಕಾಣತಾವ.’

ಪೈಪು ಬೆಳಕಿಗೆ ಹಿಡಿದೆ.
ಗುಳ್ಳೆ ಇತ್ತು,
ಸಾಸಿವೆಯಷ್ಟು.